ಮನೆಯಲ್ಲಿ ನಡೆಯುವ ಶಿಶುಪಾಲನೆ: ಪಾಲಕಿಯ ಅರ್ಹತೆ ಮತ್ತು ಹೊಣೆ
(ಕಡಿಯಾಳಿ–ಮಣಿಪಾಲ ಪ್ರದೇಶವನ್ನು ಆಧರಿಸಿದ ವಿವೇಚನೆ)

1. ಪ್ರಸ್ತಾವನೆ

ಉಡುಪಿಯ ಕಲ್ಸಂಕದಿಂದ ಮಣಿಪಾಲಕ್ಕೆ ಹೋಗುವ ಹೆದ್ದಾರಿಯ ಬದಿಯಲ್ಲಿ ಕಡಿಯಾಳಿ ಇದೆ. ಮಹಿಷಮರ್ದಿನಿ ದೇವಸ್ಥಾನದ ಸುತ್ತಲಿನ ಹಂಚಿನ ಮನೆಗಳ ನಡುವೆ ಈಗ ವಸತಿ ಸಮುಚ್ಚಯಗಳು ಎದ್ದಿವೆ. ಮಣಿಪಾಲದ ಆಸ್ಪತ್ರೆ, ಕಾಲೇಜುಗಳಲ್ಲಿ, ಉಡುಪಿಯ ಅಂಗಡಿ, ಬ್ಯಾಂಕು, ಕಚೇರಿಗಳಲ್ಲಿ ದುಡಿಯುವವರಿಗೆ ಇದು ಅನುಕೂಲದ ಜಾಗ. ದುಡಿಯುವ ತಾಯಿಗೆ ಇಲ್ಲಿ ಎದುರಾಗುವ ಮೊದಲ ಪ್ರಶ್ನೆ, ಮಗುವನ್ನು ಯಾರ ಕೈಯಲ್ಲಿ ಬಿಡುವುದು ಎಂಬುದು.

ಈ ಪ್ರಶ್ನೆಗೆ ನಿಗದಿತ ಅವಧಿಯೊಂದಿದೆ. 2017ರ ತಿದ್ದುಪಡಿಯ ಬಳಿಕ ಹೆರಿಗೆ ಸೌಲಭ್ಯ ಕಾಯ್ದೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ಕೊಟ್ಟಿತು. ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ ಆರಂಭವಾಗುವುದು ಮೂರನೆಯ ವರ್ಷಕ್ಕೆ. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಅಲ್ಲಿಂದ ಸಿಗುವುದು ಮುಖ್ಯವಾಗಿ ಮನೆಗೆ ಒಯ್ಯುವ ಪೌಷ್ಟಿಕ ಆಹಾರ. ಆರು ತಿಂಗಳಿಂದ ಮೂರು ವರ್ಷದವರೆಗಿನ ಈ ಎರಡೂವರೆ ವರ್ಷದಲ್ಲಿ, ಅಜ್ಜಿಯ ಆಸರೆಯಿಲ್ಲದ ಮಗು ಹೋಗಿ ಸೇರುವುದು ಹಣ ಪಡೆದು ಮಕ್ಕಳನ್ನು ನೋಡಿಕೊಳ್ಳುವ ನೆರೆಮನೆಗೆ. ‘ಬೇಬಿ ಸಿಟ್ಟಿಂಗ್’ ಎಂದು ಎಲ್ಲರೂ ಕರೆಯುವ ಈ ವ್ಯವಸ್ಥೆಯಲ್ಲಿ ಪಾಲಕಿಗೆ ಯಾವ ಅರ್ಹತೆ ಇರಬೇಕು, ಅವಳು ಯಾವುದಕ್ಕೆಲ್ಲ ಹೊಣೆ, ಅವಳಿಗೆ ಸಮಾಜ ಏನು ಕೊಡಬೇಕು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಪಾಲಕಿಯ ಶಾಲಾ ಪ್ರಮಾಣಪತ್ರಕ್ಕಿಂತ ಮಕ್ಕಳ ಸಂಖ್ಯೆಗೆ ಮಿತಿ, ಕೈಯಾರೆ ಕಲಿತ ಆರೈಕೆ ಮತ್ತು ಲಿಖಿತ ಉತ್ತರದಾಯಿತ್ವ, ಈ ಮೂರರ ಮೇಲೆ ಪರವಾನಗಿ ನಿಲ್ಲಬೇಕು ಎಂಬುದು ಇಲ್ಲಿಯ ವಾದ.

2. ಹಿನ್ನೆಲೆ

ತುಳುನಾಡಿನ ಅಳಿಯಸಂತಾನ ಕುಟುಂಬಗಳಲ್ಲಿ ಮಗು ತಾಯಿಯ ಮನೆಗೆ ಸೇರಿದ್ದು. ಅಕ್ಕತಂಗಿಯರ ಮಕ್ಕಳು ಒಂದೇ ಚಾವಡಿಯಲ್ಲಿ ಬೆಳೆಯುತ್ತಿದ್ದಾಗ ಗದ್ದೆಗೆ ಹೋದ ತಾಯಿಯ ಕೂಸನ್ನು ಅಜ್ಜಿಯೋ ದೊಡ್ಡಮ್ಮನೋ ನೋಡಿಕೊಳ್ಳುವುದು ಸಹಜವಾಗಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕುಟುಂಬದ ಆಸ್ತಿ ಪಾಲಾಗಲು ದಾರಿ ತೆರೆಯಿತು. ಮುಂಬಯಿ ಮತ್ತು ಕೊಲ್ಲಿ ದೇಶಗಳತ್ತ ನಡೆದ ವಲಸೆ ಮನೆಗಳನ್ನು ಇನ್ನಷ್ಟು ಚಿಕ್ಕದಾಗಿಸಿತು. ಈ ಬದಲಾವಣೆಗಳಿಂದ ಹೆಣ್ಣುಮಕ್ಕಳಿಗೆ ಸ್ವಂತ ಪಾಲು, ಸ್ವಂತ ಸಂಬಳ ದೊರೆತದ್ದೂ ನಿಜ. ಹಳೆಯ ಮನೆಯನ್ನು ಹಂಬಲಿಸಿ ಪ್ರಯೋಜನವಿಲ್ಲ. ಅಂದು ಕೂಲಿಯಿಲ್ಲದೆ ನಡೆದ ಕೆಲಸ ಇಂದು ಕೂಲಿಯ ಕೆಲಸವಾಗಿದೆ. ಆದರೆ ಅದಕ್ಕೆ ತಕ್ಕ ನಿಯಮ ಹುಟ್ಟಿಲ್ಲ.

3. ಕಾನೂನು ಎಲ್ಲಿಯವರೆಗೆ ಬರುತ್ತದೆ?

ಶಿಶುಪಾಲನೆಯ ಕುರಿತು ನಮ್ಮಲ್ಲಿ ಕಾನೂನುಗಳಿಗೆ ಕೊರತೆಯಿಲ್ಲ. 1948ರ ಕಾರ್ಖಾನೆ ಕಾಯ್ದೆಯ 48ನೇ ಸೆಕ್ಷನ್ ಮೂವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದಿತು. ಕಾರ್ಕಳದ ಗೇರುಬೀಜ ಕಾರ್ಖಾನೆಗಳಿಗೆ ಇದು ನೇರವಾಗಿ ಸಂಬಂಧಿಸಿದ್ದು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯಲ್ಲೂ ಇಂಥ ಸೌಲಭ್ಯವಿತ್ತು. ಆದರೆ ಅದು ಕೈಗಾರಿಕಾ ಆವರಣಕ್ಕೆ ಸೀಮಿತವಾಗಿತ್ತು. ಕಾಪು, ಕಾರ್ಕಳದ ಹಳ್ಳಿಗಳಲ್ಲಿ ಮನೆ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವ ತಾಯಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಅವಳ ಕೂಸು ಹೊಗೆಸೊಪ್ಪಿನ ಧೂಳಿನ ನಡುವೆಯೇ ಅಂಬೆಗಾಲಿಟ್ಟಿತು. ಹೆರಿಗೆ ಸೌಲಭ್ಯ ಕಾಯ್ದೆಯ 11ಎ ಸೆಕ್ಷನ್ ಐವತ್ತು ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯ ಮಾಡಿ, ತಾಯಿ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿಬರಲು ಅವಕಾಶ ಕೊಟ್ಟಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯ 67ನೇ ಸೆಕ್ಷನ್‌ನಲ್ಲೂ ಇದೇ ವಿಷಯವಿದೆ. ಹತ್ತು ಜನರ ಅಂಗಡಿಯಲ್ಲಿ ದುಡಿಯುವವಳು ಈ ಲೆಕ್ಕದಿಂದ ಹೊರಗೆ.

ಕರ್ನಾಟಕದ ‘ಕೂಸಿನ ಮನೆ’ ಯೋಜನೆ ಈ ದಿಕ್ಕಿನ ದೊಡ್ಡ ಹೆಜ್ಜೆ. 2023–24ರ ಬಜೆಟ್‌ನಲ್ಲಿ ಘೋಷಿತವಾದ ಈ ಯೋಜನೆ 4,000 ಗ್ರಾಮ ಪಂಚಾಯಿತಿಗಳಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳ ಪಾಲನೆಯನ್ನು ಉದ್ದೇಶಿಸಿತು. ಉದ್ಯೋಗ ಚೀಟಿ ಇರುವ ಸ್ಥಳೀಯ ಮಹಿಳೆಯರಿಗೆ ತರಬೇತಿ ಕೊಟ್ಟು ಉದ್ಯೋಗ ಖಾತ್ರಿಯ ಕೂಲಿ ನೀಡುವ ಏರ್ಪಾಡು ಮಾಡಿತು. 2024–25ರಲ್ಲಿ ರಾಜ್ಯದಲ್ಲಿ ಆ ಕೂಲಿ ದಿನಕ್ಕೆ 349 ರೂಪಾಯಿ. ನೆರೆಯ ಹೆಂಗಸಿನ ಆರೈಕೆಯನ್ನು ಕೆಲಸವೆಂದು ಒಪ್ಪಿ ಸರ್ಕಾರವೇ ಕೂಲಿ ಕೊಟ್ಟದ್ದು ಈ ಯೋಜನೆಯ ಹಿರಿಮೆ. ಇತಿಮಿತಿಗಳು ಎರಡು. ಒಂದು ಕುಟುಂಬಕ್ಕೆ ನೂರು ದಿನದ ಕೆಲಸ ಎಂಬ ಉದ್ಯೋಗ ಖಾತ್ರಿಯ ಮಿತಿಯಿಂದಾಗಿ ಪಾಲಕಿಯರು ಸರದಿಯಲ್ಲಿ ಬದಲಾಗುತ್ತಿದ್ದರು. ಕೂಸಿಗೆ ಬೇಕಾದದ್ದು ದಿನವೂ ಅದೇ ಮುಖ, ಅದೇ ಮಡಿಲು. ಎರಡನೆಯದಾಗಿ, ಯೋಜನೆ ಗ್ರಾಮ ಪಂಚಾಯಿತಿಗಳದ್ದು. ಕಡಿಯಾಳಿ ಇರುವುದು ಉಡುಪಿ ನಗರಸಭೆಯ ವ್ಯಾಪ್ತಿಯಲ್ಲಿ.

ಹೀಗೆ ಕಾರ್ಖಾನೆಯ, ಕಚೇರಿಯ, ಹಳ್ಳಿಯ ಮಗುವನ್ನು ಕಾನೂನು ಒಂದಿಷ್ಟು ಗುರುತಿಸಿದೆ. ನಗರದ ನೆರೆಮನೆಯಲ್ಲಿ ದಿನಕಳೆಯುವ ಮಗುವಿನ ಪಾಲಕಿಗೆ ಪ್ರತ್ಯೇಕ ಪರವಾನಗಿಯೂ ಇಲ್ಲ, ಮಾನದಂಡವೂ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯ ನೋಂದಣಿ ಪೋಷಣೆ ಮತ್ತು ರಕ್ಷಣೆ ಬೇಕಾದ ಮಕ್ಕಳ ಸಂಸ್ಥೆಗಳಿಗೆ ಸಂಬಂಧಿಸಿದ್ದು. ಹಗಲಿಗಷ್ಟೇ ಬಿಟ್ಟುಹೋದ ಮಗು ಅದರೊಳಗೆ ಬರುವುದಿಲ್ಲ.

4. ಅರ್ಹತೆಯ ಪ್ರಶ್ನೆ

ರಾಷ್ಟ್ರೀಯ ಕ್ರೆಶ್ ಯೋಜನೆ ಕಾರ್ಯಕರ್ತೆಗೆ ಹನ್ನೆರಡನೇ ತರಗತಿ, ಸಹಾಯಕಿಗೆ ಹತ್ತನೇ ತರಗತಿಯನ್ನು ಕನಿಷ್ಠ ವಿದ್ಯಾರ್ಹತೆಯೆಂದು ಇಟ್ಟಿತ್ತು. ಓದು ಬರಹ ಬೇಕು. ಔಷಧಿಯ ಚೀಟಿ ಓದಲು, ದಿನಚರಿ ಬರೆದಿಡಲು ಅದಿಲ್ಲದೆ ಆಗದು. ಆದರೆ ಪಿಯುಸಿ ಅಂಕಪಟ್ಟಿ ಆರೈಕೆಯನ್ನು ಅಳೆಯುವುದಿಲ್ಲ. ನಾಲ್ಕು ಮಕ್ಕಳನ್ನು ಸಾಕಿ ಬೆಳೆಸಿದ ಐವತ್ತರ ಅಕ್ಕನನ್ನು ಆ ಒಂದು ಕಾರಣಕ್ಕೆ ಹೊರಗಿಟ್ಟರೆ ಅವಳು ಕೆಲಸ ಬಿಡುವುದಿಲ್ಲ. ಕಾನೂನಿನ ಕಣ್ಣಿಗೆ ಬೀಳದ ಹಾಗೆ ಮಾಡುತ್ತಾಳೆ, ಅಷ್ಟೆ.

ಹೊರಗಿನ ಎರಡು ಮಾದರಿಗಳು ಇಲ್ಲಿ ಉಪಯುಕ್ತ. ಫ್ರಾನ್ಸಿನಲ್ಲಿ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರಿಗೆ ಅಲ್ಲಿಯ ಜಿಲ್ಲಾ ಆಡಳಿತ ಐದು ವರ್ಷದ ಅನುಮತಿ ಕೊಡುತ್ತದೆ. ತರಬೇತಿ ಒಟ್ಟು 120 ಗಂಟೆ. ಅದರಲ್ಲಿ 80 ಗಂಟೆ ಮೊದಲ ಮಗು ಬರುವ ಮುನ್ನವೇ ಮುಗಿಯಬೇಕು. ಇಂಗ್ಲೆಂಡಿನಲ್ಲಿ ಒಬ್ಬ ಪಾಲಕಿ ಎಂಟು ವರ್ಷದೊಳಗಿನ ಆರು ಮಕ್ಕಳನ್ನು ನೋಡಿಕೊಳ್ಳಬಹುದು. ಅವರಲ್ಲಿ ತೀರ ಚಿಕ್ಕವರು ಸಾಮಾನ್ಯವಾಗಿ ಮೂವರು, ವರ್ಷ ತುಂಬದ ಕೂಸು ಒಂದೇ. ಮಕ್ಕಳ ಪ್ರಥಮ ಚಿಕಿತ್ಸೆಯ ತರಬೇತಿ ಕಡ್ಡಾಯ. ಅದೇ ಮನೆಯಲ್ಲಿರುವ ಹದಿನಾರು ದಾಟಿದವರ ಪೂರ್ವಾಪರವನ್ನೂ ಪರಿಶೀಲಿಸುತ್ತಾರೆ.

ನಮ್ಮ 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿ ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬ ವಯಸ್ಕರು ಸಾಕೆನ್ನುತ್ತದೆ. ಸಹಾಯಕಿ, ಅಡುಗೆಯವರು ಇರುವ ಕೇಂದ್ರಕ್ಕೆ ಅದು ಹೇಗೋ ಒಪ್ಪಬಹುದು, ಒಬ್ಬಳೇ ಇರುವ ಮನೆಗೆ ಒಪ್ಪದು. ಅಡುಗೆಮನೆಯಲ್ಲಿ ಬೆಂಕಿ ಹತ್ತಿಕೊಂಡರೆ ಒಬ್ಬ ಹೆಂಗಸು ಎರಡು ಕಂಕುಳಲ್ಲಿ ಎರಡು ಕೂಸುಗಳನ್ನು ಎತ್ತಿಕೊಂಡು ಹೊರಗೆ ಓಡಬಲ್ಲಳು. ಮೂರನೆಯದನ್ನು ಎತ್ತಲು ಅವಳಿಗೆ ಕೈಯಿಲ್ಲ. ಆದ್ದರಿಂದ ಒಂಟಿ ಪಾಲಕಿಯ ಮನೆಗೆ ಹೆಚ್ಚೆಂದರೆ ಐದು ಮಕ್ಕಳು, ಅವರಲ್ಲಿ ನಡೆಯಲು ಬಾರದವರು ಇಬ್ಬರು ಎಂಬ ಮಿತಿಯನ್ನು ಇಲ್ಲಿ ಸೂಚಿಸುತ್ತೇನೆ. ಪಾಲಕಿಯ ಸ್ವಂತ ಮಕ್ಕಳೂ ಈ ಲೆಕ್ಕದಲ್ಲೇ ಬರಬೇಕು.

5. ಹೊಣೆಯ ಸ್ವರೂಪ

ಮೊದಲನೆಯದು ದೇಹರಕ್ಷಣೆಯ ಹೊಣೆ. ಕರಾವಳಿಯ ಮನೆಗಳಲ್ಲಿ ಬಾವಿ ಅಡುಗೆಮನೆಗೆ ತಾಗಿಯೇ ಇರುತ್ತದೆ. ನೀರು ಸೇದಿದ ಮೇಲೆ ಮಗುಚಿಟ್ಟ ಕೊಡಪಾನ, ಬಟ್ಟೆ ಒಗೆಯುವ ಕಲ್ಲು, ಹೀಗೆ ಕಟ್ಟೆ ಹತ್ತಲು ಮೆಟ್ಟಿಲಾಗುವ ವಸ್ತು ಅಲ್ಲಿ ಒಂದಲ್ಲ ಒಂದು ಇದ್ದೇ ಇರುತ್ತದೆ. ಮಗುವಿನ ಎದೆಮಟ್ಟಕ್ಕಿಂತ ಎತ್ತರದ ಕಟ್ಟೆ, ಬೀಗ ಹಾಕಿದ ಕಬ್ಬಿಣದ ಜಾಲರಿ, ಹಿತ್ತಿಲ ಬಾಗಿಲಿಗೆ ಮೇಲಿನ ಚಿಲಕ: ಪರಿಶೀಲನೆಗೆ ಬರುವವರು ಮೊದಲು ನೋಡಬೇಕಾದದ್ದು ಇವನ್ನೇ. ಮನೆಯಲ್ಲಿ ಸುಲಭವಾಗಿ ಸಿಗುವ ಗೇರುಬೀಜ, ನೆಲಗಡಲೆ ಪುಟ್ಟ ಮಕ್ಕಳ ಉಸಿರುಗೊಳವೆಗೆ ಅಡ್ಡವಾಗುತ್ತವೆ. ವರ್ಷದೊಳಗಿನ ಕೂಸನ್ನು ಬೆನ್ನ ಮೇಲೆಯೇ ಮಲಗಿಸಬೇಕು. ತಾಯಿ ಹಿಂಡಿಟ್ಟು ಹೋದ ಎದೆಹಾಲನ್ನು ಹೊರಗಡೆ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಇಡಬಾರದು. ಲಿಖಿತ ಒಪ್ಪಿಗೆಯಿಲ್ಲದೆ ಜ್ವರದ ಔಷಧಿಯನ್ನೂ ಕುಡಿಸಬಾರದು. ಇವು ಕಾಲೇಜಿನಲ್ಲಿ ಕಲಿಯುವ ಸಂಗತಿಗಳಲ್ಲ; ಕೆಲವು ದಿನಗಳ ತರಬೇತಿಯಲ್ಲಿ ಕೈಗೆ ಬರುವಂಥವು.

ಎರಡನೆಯದು ಕಾನೂನಿನ ಹೊಣೆ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆಯಿದೆ. 2020ರ ಪೋಕ್ಸೊ ನಿಯಮಗಳು ಶಿಶುಪಾಲನಾ ಕೇಂದ್ರವೂ ಸೇರಿದಂತೆ ಮಕ್ಕಳ ಒಡನಾಟವಿರುವ ಸಂಸ್ಥೆಗಳ ಸಿಬ್ಬಂದಿಗೆ ಪೊಲೀಸ್ ಪರಿಶೀಲನೆಯನ್ನು ಕಡ್ಡಾಯ ಮಾಡಿವೆ. ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ತನ್ನ ವಶದಲ್ಲಿರುವ ಮಗುವನ್ನು ಹಿಂಸಿಸುವ, ಅಲಕ್ಷಿಸುವ ಯಾರಿಗಾದರೂ ಅನ್ವಯಿಸುತ್ತದೆ. ಅಂದರೆ ಪರವಾನಗಿ ಇಲ್ಲದಿದ್ದರೂ ಶಿಕ್ಷೆಯ ಹೊಣೆ ಪಾಲಕಿಯ ಮೇಲೆ ಈಗಾಗಲೇ ಇದೆ. ಶಿಕ್ಷಿಸುವಾಗ ಅವಳನ್ನು ಗುರುತಿಸುವ ಕಾನೂನು ಕಲಿಸುವಾಗ ಗುರುತಿಸುವುದಿಲ್ಲ. ಇದು ಅನ್ಯಾಯ.

ಮೂರನೆಯದು ಹೆತ್ತವರೊಂದಿಗಿನ ಹೊಣೆ. ಮಗು ಬಂದ ಹೊತ್ತು, ಉಂಡದ್ದು, ಮಲಗಿದ್ದು, ಬಿದ್ದದ್ದು, ಕರೆದೊಯ್ದವರ ಸಹಿ: ದಿನಕ್ಕೊಂದು ಪುಟದ ಈ ದಾಖಲೆ ಇಬ್ಬರನ್ನೂ ಕಾಯುತ್ತದೆ. ಮೊಣಕಾಲಿನ ತರಚು ಗಾಯ ಎಲ್ಲಿಯದು ಎಂಬ ಸಂಜೆಯ ಜಗಳಕ್ಕೆ ಬೆಳಗ್ಗೆಯೇ ಬರೆದಿಟ್ಟ ಒಂದು ಸಾಲು ಉತ್ತರ ಕೊಡುತ್ತದೆ.

6. ತೀರ್ಮಾನ

ನಗರಸಭೆಯ ಉದ್ಯಮ ಪರವಾನಗಿಯನ್ನೇ ಇದಕ್ಕೂ ಹಿಗ್ಗಿಸಿದರೆ ಅದು ಕಟ್ಟಡವನ್ನು ನೋಡೀತು, ಮಗುವನ್ನು ನೋಡಲಾರದು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಮೂಲಕ ಶುಲ್ಕವಿಲ್ಲದ ನೋಂದಣಿ ಆಗಬೇಕು. ಅಂಗನವಾಡಿ ಮೇಲ್ವಿಚಾರಕಿ ಮತ್ತು ಆರೋಗ್ಯ ಕಾರ್ಯಕರ್ತೆ ಸೇರಿ ಮನೆ ನೋಡಬೇಕು. ವೈದ್ಯಕೀಯ ಮತ್ತು ಶುಶ್ರೂಷಾ ಕಾಲೇಜುಗಳಿರುವ ಮಣಿಪಾಲ ಹತ್ತಿರದಲ್ಲೇ ಇರುವಾಗ ಮಕ್ಕಳ ಪ್ರಥಮ ಚಿಕಿತ್ಸೆಯ ತರಬೇತಿಗೆ ಕಡಿಯಾಳಿಯವರು ದೂರ ಹೋಗಬೇಕಾಗಿಲ್ಲ. ಮೊದಲ ಎರಡು ವರ್ಷ ಪರಿಶೀಲನೆಯ ಗುರಿ ತಿದ್ದುವುದಾಗಿರಲಿ. ಮಗುವಿಗೆ ನೇರ ಅಪಾಯ ಕಂಡಲ್ಲಿ ಮಾತ್ರ ಮುಚ್ಚಿಸುವ ಕ್ರಮ ಬರಲಿ.

ಹೊಣೆ ಹೊರಿಸುವ ರಾಜ್ಯ ಹಕ್ಕನ್ನೂ ಕೊಡಬೇಕು. ಅಂಗನವಾಡಿ ಕಾರ್ಯಕರ್ತೆಯರು ಗ್ರಾಚ್ಯುಟಿಗೆ ಅರ್ಹರೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ, ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಗಿ 47 ವರ್ಷವಾಗುವ ಹೊತ್ತಿಗೆ. ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಅಷ್ಟು ಕಾಲ ಕಾಯುವಂತಾಗಬಾರದು. ನೋಂದಾಯಿತ ಪಾಲಕಿಗೆ ಅಪಘಾತ ವಿಮೆ, ವಾರದ ರಜೆ, ವೃದ್ಧಾಪ್ಯದ ಪಿಂಚಣಿ ನೋಂದಣಿಯ ಜೊತೆಗೇ ಸಿಗಬೇಕು. ಹಾಗಾದರೆ ಪಾಲಕಿಯರು ತಾವಾಗಿಯೇ ನೋಂದಣಿಗೆ ಬರುತ್ತಾರೆ, ಮತ್ತು ತಾಯಿ ತನ್ನ ಮಗುವನ್ನು ಬಿಡುವ ಮನೆಯ ಬಗ್ಗೆ ಕೇಳಿ ತಿಳಿಯಲು ಒಂದು ಸಾರ್ವಜನಿಕ ದಾಖಲೆ ಇರುತ್ತದೆ.