ಲೆಕ್ಕ ಕಷ್ಟವಾಗಿ ಸತ್ತ ಕಂಪ್ಯೂಟರ್‌ಗಳು

ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲಿದ್ದ ಡೆಲ್ ಕಂಪ್ಯೂಟರ್‌ಗಳು ಒಂದಷ್ಟು ಕೈಕೊಟ್ಟವು. ಕಂಪನಿಯವರು ಪರೀಕ್ಷೆ ಮಾಡಿ ಕಾರಣ ಹೇಳಿದರು: ನೀವು ಇವುಗಳ ಕೈಲಿ ತುಂಬಾ ಕಷ್ಟದ ಲೆಕ್ಕ ಮಾಡಿಸಿದ್ದೀರಿ, ಅದಕ್ಕೇ ಹೀಗಾಗಿದೆ. ಹೇಳಿದ್ದು ಗಣಿತ ವಿಭಾಗದವರಿಗೆ, ಅದೂ ಕಂಪ್ಯೂಟರ್ ಬಗ್ಗೆ. ಲೆಕ್ಕ ಮಾಡಿ ಮಾಡಿ ಸುಸ್ತಾಗಿದೆ ಪಾಪ, ಅಂತ.

2010ರ ಜೂನ್ ಕೊನೆಯಲ್ಲಿ ನ್ಯೂಯಾರ್ಕ್ ಟೈಮ್ಸ್ ಇದನ್ನು ಬರೆದಾಗ ಆಫೀಸಿನಲ್ಲಿ ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ನಗು ಮುಗಿದ ಮೇಲೆ ನನಗೆ ಮಾತ್ರ ಸಿಟ್ಟು ಬಂತು. ಹೆಚ್ಚುಕಮ್ಮಿ ಇದೇ ಮಾತನ್ನು ನಾನೂ ಕೇಳಿಸಿಕೊಂಡಿದ್ದೆ. ಕೇಳಿಸಿಕೊಂಡಿದ್ದಷ್ಟೇ ಅಲ್ಲ, ನಂಬಿಯೂ ಬಿಟ್ಟಿದ್ದೆ.

2002ರಲ್ಲಿ ಅಪ್ಪ ಆಫೀಸಿನ ಸೊಸೈಟಿಯಲ್ಲಿ ಸಾಲ ತೆಗೆದು ಕೊಡಿಸಿದ್ದ ಅಸೆಂಬಲ್ಡ್ ಪಿಸಿ ಅದು. 2005ಕ್ಕೆ ನಾನು ಇಂಜಿನಿಯರಿಂಗ್ ಎರಡನೇ ವರ್ಷ. ಲ್ಯಾಬಿನಲ್ಲಿ ಮಾಡಿಸಿದ್ದ ಎಂಟು ರಾಣಿಯರ ಪ್ರೋಗ್ರಾಂ ತಲೆಗೆ ಹತ್ತಿಬಿಟ್ಟಿತ್ತು. ಚದುರಂಗದ ಮಣೆಯ ಮೇಲೆ ಎಂಟು ರಾಣಿಯರನ್ನು ಒಬ್ಬಳು ಇನ್ನೊಬ್ಬಳನ್ನು ಹೊಡೆಯದ ಹಾಗೆ ಎಷ್ಟು ರೀತಿಯಲ್ಲಿ ಕೂರಿಸಬಹುದು? 92. ಮಣೆಯನ್ನೂ ರಾಣಿಯರನ್ನೂ ಹೆಚ್ಚಿಸುತ್ತಾ ಹೋದರೆ ಉತ್ತರ ಹುಚ್ಚುಹುಚ್ಚಾಗಿ ಬೆಳೆಯುತ್ತೆ. 14 ರಾಣಿಯರಿಗೆ 3,65,596. ಅಲ್ಲಿವರೆಗೂ ಬಂದೆ. 15 ಅಂತ ಕೊಟ್ಟು ಎಂಟರ್ ಒತ್ತಿದರೆ ಸ್ವಲ್ಪ ಹೊತ್ತಿಗೆ ಸ್ಕ್ರೀನ್ ಕಪ್ಪಾಗಿ ಕಂಪ್ಯೂಟರ್ ತಾನಾಗೇ ರೀಸ್ಟಾರ್ಟ್. ಮತ್ತೆ ಒತ್ತಿದರೆ ಮತ್ತೆ ಅದೇ.

ಎರಡು ವಾರ ನನ್ನ ಕೋಡ್‌ನಲ್ಲೇ ತಪ್ಪು ಹುಡುಕಿದೆ. ಅರೇ ಎಲ್ಲೆ ದಾಟುತ್ತಿದೆಯಾ, ರಿಕರ್ಷನ್ ಎಲ್ಲಿ ಕೈ ತಪ್ಪಿತು ಅಂತ ಪ್ರಿಂಟ್ ತೆಗೆದು ಸಾಲು ಸಾಲಾಗಿ ಪೆನ್ಸಿಲ್ ಹಿಡಿದು ಓದಿದೆ. ಕಾಲೇಜಿನ ಲ್ಯಾಬಿನಲ್ಲಿ ಅಷ್ಟು ಹೊತ್ತು ಒಂದು ಮೆಷಿನ್ ಬಿಟ್ಟುಕೊಡುತ್ತಿರಲಿಲ್ಲ, ಅಲ್ಲಿ ಓಡಿಸಿ ನೋಡೋಣ ಅಂದರೆ. ಕೊನೆಗೆ ಅಪ್ಪ ಸರ್ವಿಸ್‌ನವರನ್ನು ಕರೆಸಿದರು. ಬಂದ ಮನುಷ್ಯ ಮುಚ್ಚಳ ಕೂಡ ತೆಗೆಯಲಿಲ್ಲ. "ಲಿನಕ್ಸು ಗಿನಕ್ಸು ಹಾಕಿ, ಏನೇನೋ ಪ್ರೋಗ್ರಾಂ ಓಡಿಸಿ ಕೆಡಿಸಿದಾರೆ ಸಾರ್ ನಿಮ್ಮ ಮಗ" ಅಂದು, ಎಲ್ಲ ಫಾರ್ಮ್ಯಾಟ್ ಮಾಡಿ, 300 ರೂಪಾಯಿ ತಗೊಂಡು ಹೋದ. ಸಾಲದ ಕಂತು ಇನ್ನೂ ಮುಗಿದಿರಲಿಲ್ಲ. ಅಪ್ಪ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಮುಚ್ಚಳ ತೆಗೆದೆ. ಧೂಳು ಊದಿದೆ. ಪ್ರೊಸೆಸರ್ ಪಕ್ಕ ಪುಟ್ಟ ಡಬ್ಬಿಗಳ ಹಾಗೆ ಸಾಲಾಗಿ ನಿಂತಿರುತ್ತವಲ್ಲ ಕೆಪಾಸಿಟರ್‌ಗಳು, ಅವುಗಳಲ್ಲಿ ಆರರ ನೆತ್ತಿ ಪೂರಿಯ ಹಾಗೆ ಉಬ್ಬಿತ್ತು. ಒಂದರ ನೆತ್ತಿ ಸೀಳಿ ಕಂದು ಬಣ್ಣದ ಹಕ್ಕಳೆ ಕಟ್ಟಿತ್ತು.

ಕೆಪಾಸಿಟರ್ ಕೆಲಸ ಏನು ಅಂತ ಬೆಂಗಳೂರಿನವರಿಗೆ ಹೇಳೋದು ಸುಲಭ. ಕಾರ್ಪೊರೇಷನ್ ನೀರು ಬಂದಾಗ ಬರುತ್ತೆ, ನಿಂತಾಗ ನಿಲ್ಲುತ್ತೆ. ಆದರೂ ನಲ್ಲಿಯಲ್ಲಿ ನೀರು ಒಂದೇ ಸಮ ಬರೋದು ಮೇಲಿರುವ ಟ್ಯಾಂಕ್‌ನಿಂದ. ಮದರ್‌ಬೋರ್ಡ್ ಮೇಲೆ ಕರೆಂಟಿನ ಟ್ಯಾಂಕ್ ಈ ಕೆಪಾಸಿಟರ್. ಆ ಕಾಲದ ಪೆಂಟಿಯಂ 4 ಚಿಪ್‌ಗಳು ಜೋರಾಗಿ ಓಡುವಾಗ ಒಂದೂವರೆ ವೋಲ್ಟಿನ ಆಸುಪಾಸಿನಲ್ಲಿ 50 ಆಂಪಿಯರ್‌ಗೂ ಹೆಚ್ಚು ಎಳೆಯುತ್ತಿದ್ದವು. ಮನೆಯ ಗೀಸರ್ ಸಾಕೆಟ್ 15 ಆಂಪಿಯರ್‌ನದು ಅಂತ ನೆನಪಿಸಿಕೊಂಡರೆ ಈ ಹಸಿವು ಅರ್ಥವಾದೀತು. ಅದೂ ಒಂದೇ ಸಮನೆ ಅಲ್ಲ, ಕ್ಷಣಕ್ಕೊಮ್ಮೆ ಏರಿ ಇಳಿಯುವ ಹಸಿವು. ಅದನ್ನು ತಡೆದುಕೊಳ್ಳಲು ಒಳಗಿನ ರೋಧ ತೀರಾ ಕಡಿಮೆ ಇರುವ ಕೆಪಾಸಿಟರ್‌ಗಳೇ ಬೇಕು.

ಇತಿಹಾಸ ಶುರುವಾಗೋದು ಇಲ್ಲಿಂದ. ಈ ಡಬ್ಬಿಯೊಳಗೆ ಇರೋದು ಅಲ್ಯೂಮಿನಿಯಂನ ತೆಳು ಹಾಳೆಗಳು, ಅವುಗಳ ನಡುವೆ ದ್ರವದಲ್ಲಿ ನೆನೆಸಿದ ಕಾಗದ, ಎಲ್ಲ ಸೇರಿಸಿ ಸುತ್ತಿದ ಒಂದು ಸುರುಳಿ. ರೋಧ ಕಡಿಮೆಯಾಗಬೇಕೆಂದರೆ ದ್ರವದಲ್ಲಿ ವಿದ್ಯುತ್ ಸರಾಗವಾಗಿ ಹರಿಯಬೇಕು, ಅದಕ್ಕೆ ಅಗ್ಗದ ಉಪಾಯ ನೀರು. 1990ರ ದಶಕದಲ್ಲಿ ಜಪಾನಿನ ಕಂಪನಿಗಳು ನೀರಿನ ಪಾಲು ಹೆಚ್ಚಿರುವ ದ್ರವಗಳನ್ನು ಮಾರುಕಟ್ಟೆಗೆ ತಂದವು. ಆದರೆ ನೀರಿಗೂ ಅಲ್ಯೂಮಿನಿಯಂಗೂ ಆಗಿಬರುವುದಿಲ್ಲ. ಲೋಹವನ್ನು ನೀರು ತಿನ್ನುತ್ತೆ, ಹೈಡ್ರೋಜನ್ ಅನಿಲ ಹೊರಡುತ್ತೆ. ಹಾಗಾಗದಂತೆ ತಡೆಯುವ ರಾಸಾಯನಿಕಗಳನ್ನು ಸರಿಯಾದ ಹದದಲ್ಲಿ ಬೆರೆಸಬೇಕು. ಆ ಹದವೇ ಕಂಪನಿಗಳ ಗುಟ್ಟು.

ಆ ಹದ ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ದೋಸೆ ಹಿಟ್ಟಿಗೆ ಬಿಗಿಯಾಗಿ ಮುಚ್ಚಳ ಹಾಕಿ ಬೇಸಿಗೆಯಲ್ಲಿ ಹೊರಗೆ ಬಿಟ್ಟ ಡಬ್ಬಿಯನ್ನು ನೆನೆಸಿಕೊಳ್ಳಿ. ಕೆಪಾಸಿಟರ್ ನೆತ್ತಿಯ ಮೇಲೆ ಇಂಗ್ಲಿಷಿನ ಕೆ ಅಥವಾ ಎಕ್ಸ್ ಆಕಾರದ ಗೀಟು ಇರುತ್ತಲ್ಲ, ಅದು ಅಲಂಕಾರಕ್ಕಲ್ಲ. ಒಳಗೆ ಒತ್ತಡ ಹೆಚ್ಚಿದರೆ ಪಟಾಕಿಯಂತೆ ಸಿಡಿಯದೆ ಆ ಗೀಟಿನಲ್ಲಿ ಸೀಳಲಿ ಅಂತ.

2002ರ ಹೊತ್ತಿಗೆ ಮದರ್‌ಬೋರ್ಡ್‌ಗಳು ಲೋಕದ ಮೂಲೆಮೂಲೆಯಲ್ಲಿ ಹೀಗೆ ಉಬ್ಬಿಕೊಂಡು ಸಾಯುತ್ತಿದ್ದವು. ಇದನ್ನು ಮೊದಲು ಗುರುತಿಸಿದವರಲ್ಲಿ ದೊಡ್ಡ ಕಂಪನಿಗಳ ಲ್ಯಾಬಿನವರಿಗಿಂತ ಬೆಸುಗೆ ಕಡ್ಡಿ ಹಿಡಿದ ರಿಪೇರಿಯವರು, ಹವ್ಯಾಸಿಗಳೇ ಮುಂದಿದ್ದರು. ಆ ವರ್ಷ ಬಿಡಿಭಾಗ ಉದ್ಯಮದ ಪತ್ರಿಕೆಯೊಂದು, 2003ರ ಫೆಬ್ರುವರಿಯಲ್ಲಿ ಐಇಇಇ ಸ್ಪೆಕ್ಟ್ರಮ್ ಇದರ ಬಗ್ಗೆ ಬರೆದವು. ಅಲ್ಲಿ ಬಂದ ಕತೆ ಸಿನಿಮಾ ಕತೆಯಂತಿದೆ. ಜಪಾನಿನ ರೂಬಿಕಾನ್ ಕಂಪನಿಯ ವಿಜ್ಞಾನಿಯೊಬ್ಬ ಕೆಲಸ ಬಿಟ್ಟು ಚೀನಾದ ಕಂಪನಿ ಸೇರಿದ. ಅಲ್ಲಿ ಹಳೆ ಕಂಪನಿಯದನ್ನು ಹೋಲುವ ದ್ರವ ತಯಾರಿಸಿದ. ಅವನ ಕೈಕೆಳಗಿನವರು ಆ ಸೂತ್ರ ಎತ್ತಿಕೊಂಡು ತೈವಾನ್ ಕಡೆ ಹೋದರು. ಆದರೆ ಕದ್ದದ್ದು ಪೂರ್ತಿ ಸೂತ್ರವಲ್ಲ, ಕೊಳೆತ ತಡೆಯುವ ಅಂಶವೇ ಅದರಲ್ಲಿ ಬಿಟ್ಟುಹೋಗಿತ್ತು. ಅಡುಗೆ ಭಟ್ಟರ ಮನೆಯಿಂದ ಸಾರಿನಪುಡಿ ಚೀಟಿ ಕದ್ದು ತಂದವನಿಗೆ ಹಿಂದಿನ ಪುಟ ಸಿಗಲಿಲ್ಲ ಅನ್ನುವ ಹಾಗೆ.

ಕಳ್ಳನಿಗೆ ಶಿಕ್ಷೆಯಾಗುವ ಕತೆ ಎಲ್ಲರಿಗೂ ಇಷ್ಟ. ನನಗೂ. ಆದರೆ ಇಡೀ ರೋಗಕ್ಕೆ ಇದೊಂದೇ ಕಾರಣ ಅಂತ ನಾನು ಒಪ್ಪಲ್ಲ. ಡೆಲ್‌ನ ಆಪ್ಟಿಪ್ಲೆಕ್ಸ್ ಕಂಪ್ಯೂಟರ್‌ಗಳಲ್ಲಿ ಕೆಟ್ಟಿದ್ದು ನಿಚಿಕಾನ್ ಅನ್ನುವ ಮರ್ಯಾದಸ್ಥ ಜಪಾನಿ ಕಂಪನಿಯ ಕೆಪಾಸಿಟರ್‌ಗಳು, ಯಾರದೋ ಕದ್ದ ಮಾಲಲ್ಲ. ಚಿಪ್‌ಗಳ ಹಸಿವು ವರ್ಷವರ್ಷಕ್ಕೆ ಏರುತ್ತಿತ್ತು, ಬಿಡಿಭಾಗದ ಬೆಲೆ ಇಳಿಯುತ್ತಲೇ ಇರಬೇಕಿತ್ತು. ಆ ಇಕ್ಕಟ್ಟಿನಲ್ಲಿ ಕದ್ದವರೂ ಎಡವಿದರು, ಕದಿಯದವರೂ ಎಡವಿದರು.

ಡೆಲ್ 2003ರ ಮೇ ತಿಂಗಳಿಂದ 2005ರ ಜುಲೈವರೆಗೆ ಕಳಿಸಿದ ಇಂಥ ಕಂಪ್ಯೂಟರ್‌ಗಳು ಕನಿಷ್ಠ 1 ಕೋಟಿ 18 ಲಕ್ಷ. 2007ರಲ್ಲಿ ಗ್ರಾಹಕ ಕಂಪನಿಯೊಂದು ಮೊಕದ್ದಮೆ ಹೂಡಿತು. ಆ ಕೇಸಿನ ಮುಚ್ಚಿಟ್ಟ ದಾಖಲೆಗಳು 2010ರಲ್ಲಿ ಹೊರಬಂದಿದ್ದರಿಂದ ನಮಗೆ ಒಳಗಿನ ಮಾತು ಗೊತ್ತಾಯಿತು. ಬೋರ್ಡ್ ಕೆಟ್ಟಿದೆ ಅನ್ನುವ ಅರ್ಥ ಬರುವ ಪದ ಬಳಸಬೇಡಿ, ಗ್ರಾಹಕರಿಗೆ ನೀವಾಗಿ ತಿಳಿಸಲು ಹೋಗಬೇಡಿ, ಏನೂ ಖಚಿತವಿಲ್ಲ ಅನ್ನುವುದನ್ನೇ ಒತ್ತಿ ಹೇಳಿ ಅಂತೆಲ್ಲ ಒಳಗೊಳಗೇ ಓಡಾಡಿದ ಸೂಚನೆಗಳು. ಕೇಸು ಹಾಕಿದ ಕಂಪನಿಗೆ ಮೊದಲು ಹೇಳಿದ್ದು, ನೀವು ಕಂಪ್ಯೂಟರ್‌ಗಳನ್ನು ಬಿಸಿಯಾದ ಇಕ್ಕಟ್ಟು ಜಾಗದಲ್ಲಿಟ್ಟು ವಿಪರೀತ ದುಡಿಸಿದ್ದೀರಿ ಅಂತ. ಡೆಲ್ ಪರವಾಗಿ ವಾದಿಸುತ್ತಿದ್ದ ವಕೀಲರ ಸಂಸ್ಥೆಯಲ್ಲೇ ಅನುಮಾನದ ಕಂಪ್ಯೂಟರ್‌ಗಳು ಸಾವಿರ ಇದ್ದವಂತೆ, ಅವನ್ನು ಸರಿಮಾಡಿಕೊಡಲೂ ಕಂಪನಿ ಹಿಂದೆಮುಂದೆ ನೋಡಿತು. ಇಷ್ಟೆಲ್ಲ ಆದರೂ, ರಿಪೇರಿ ಖರ್ಚಿಗೆಂದು 2005ರಲ್ಲೇ 30 ಕೋಟಿ ಡಾಲರ್ ಲೆಕ್ಕಕ್ಕೆ ಬರೆದುಕೊಂಡಿದ್ದರು.

ಈಗ ಆ ಗಣಿತ ವಿಭಾಗಕ್ಕೆ ವಾಪಸ್ ಬರೋಣ. ನಕ್ಕಿದ್ದಾಯಿತು, ಆದರೆ ಯೋಚಿಸಿ ನೋಡಿ, ಆ ಉತ್ತರ ಪೂರ್ತಿ ಸುಳ್ಳೂ ಅಲ್ಲ. ಕಷ್ಟದ ಲೆಕ್ಕ ಅಂದರೆ ಪ್ರೊಸೆಸರ್‌ಗೆ ಬಿಡುವಿಲ್ಲದ ಕೆಲಸ, ಬಿಡುವಿಲ್ಲದ ಕೆಲಸ ಅಂದರೆ ಹೆಚ್ಚು ಕರೆಂಟು, ಹೆಚ್ಚು ಬಿಸಿ. ಕೆಪಾಸಿಟರ್ ಸುತ್ತ 10 ಡಿಗ್ರಿ ಬಿಸಿ ಏರಿದರೆ ಅದರ ಆಯಸ್ಸು ಸುಮಾರು ಅರ್ಧ ಆಗುತ್ತೆ ಅನ್ನೋದು ಇಂಜಿನಿಯರ್‌ಗಳ ಹಳೇ ಲೆಕ್ಕ. ಸೊರಗಿದ ಕೆಪಾಸಿಟರ್ ಇರುವ ಮೆಷಿನ್‌ನಲ್ಲಿ ಪತ್ರ ಟೈಪ್ ಮಾಡಬಹುದು, ಹಾಡು ಕೇಳಬಹುದು. 15 ರಾಣಿಯರನ್ನು ಕೂರಿಸಲು ಹೊರಟರೆ ವೋಲ್ಟೇಜ್ ಕುಸಿದು ಬೀಳುತ್ತೆ. ನಮ್ಮ ಮನೆಗೆ ಬಂದ ಸರ್ವಿಸ್‌ನವನೂ ಅರ್ಧ ನಿಜವನ್ನೇ ಹೇಳಿದ್ದ. ನನ್ನ ಪ್ರೋಗ್ರಾಂ ಓಡಿಸಿದಾಗಲೇ ಅದು ಬೀಳುತ್ತಿತ್ತು. ಆದರೆ ಲೆಕ್ಕ ಮಾಡಲಿಕ್ಕೆಂದೇ ಕೊಂಡ ಯಂತ್ರ ಅಲ್ಲವೇ ಅದು! ಬೀಳಿಸಿದ್ದು ಯಾವುದು, ಕೆಟ್ಟಿದ್ದು ಯಾವುದು ಅನ್ನುವ ವ್ಯತ್ಯಾಸವನ್ನು ಮುಚ್ಚಳ ತೆಗೆಯದೆ ಹೇಳೋದು ಹೇಗೆ?

ಎಸ್.ಪಿ. ರೋಡಿನ ಅಂಗಡಿಯಲ್ಲಿ ಉಬ್ಬಿದ ಕೆಪಾಸಿಟರ್‌ನ ಗುರುತು ಬರೆದ ಚೀಟಿ ಕೊಟ್ಟೆ. 1500 ಎಂಎಫ್‌ಡಿ, 6.3 ವೋಲ್ಟ್. ಅಂಗಡಿಯವರು ಚೀಟಿ ನೋಡಿದವರೇ "ಮದರ್‌ಬೋರ್ಡಿಗಾ? ದಿನಾ ಇದೇ ಕೇಳ್ಕೊಂಡು ಬರ್ತಾರೆ" ಅಂದು 10 ವೋಲ್ಟಿನವು ಕೊಟ್ಟರು. ವೋಲ್ಟ್ ಜಾಸ್ತಿ ಇದ್ರೆ ಏನೂ ಆಗಲ್ಲ, ಕಮ್ಮಿ ಇರಬಾರದು ಅಷ್ಟೇ ಅಂತ ಪಾಠವನ್ನೂ ಹೇಳಿದರು. ಒಂದಕ್ಕೆ ನಾಲ್ಕು ರೂಪಾಯಿ.

ನನ್ನ ಹತ್ತಿರ ಇದ್ದ 25 ವ್ಯಾಟ್ ಬೆಸುಗೆ ಕಡ್ಡಿಗೆ ಆ ಬೋರ್ಡ್ ಬಗ್ಗಲೇ ಇಲ್ಲ. ಹಲವು ಪದರದ ತಾಮ್ರ ಶಾಖವನ್ನೆಲ್ಲ ಕುಡಿದುಬಿಡುತ್ತೆ. ಪಕ್ಕದ ಬೀದಿಯ ಟಿವಿ ರಿಪೇರಿಯವರಿಂದ ದೊಡ್ಡದು ಇಸಕೊಂಡು ಬಂದೆ. ತೂತಿನಲ್ಲಿ ಉಳಿದ ಸೀಸವನ್ನು ಅಮ್ಮನ ಹೊಲಿಗೆ ಸೂಜಿಯಲ್ಲಿ ಕುಕ್ಕಿ ತೆಗೆದೆ. ಮೈಮೇಲೆ ಪಟ್ಟಿ ಇರುವ ಕಡೆ ಮೈನಸ್ ಅಂತ ಮೂರು ಮೂರು ಸಲ ನೋಡಿ ಆರನ್ನೂ ಹಾಕಿದೆ. ಆನ್ ಆಯಿತು. ಒಂಬತ್ತು ದಿನ ಓಡಿ ಮತ್ತೆ ರೀಸ್ಟಾರ್ಟ್ ಶುರುವಾಯಿತು! ನಾನು ತಂದದ್ದು ಸಾಧಾರಣ ಮಾಲು, ರೋಧ ಕಡಿಮೆ ಇರುವ ಜಾತಿ ಅಲ್ಲ. ಮತ್ತೆ ಎಸ್.ಪಿ. ರೋಡು, ಈ ಸಲ ಒಂದಕ್ಕೆ 15 ರೂಪಾಯಿ, ಮತ್ತೆ ಸೂಜಿ.

ರಾತ್ರಿ ಊಟ ಆದ ಮೇಲೆ 15 ಅಂತ ಕೊಟ್ಟು ಎಂಟರ್ ಒತ್ತಿದೆ. ಫ್ಯಾನ್ ಜೋರಾಗಿ ತಿರುಗಿತು. ಸ್ಕ್ರೀನ್ ಕಪ್ಪಾಗಲಿಲ್ಲ. 22,79,184.

ಕಿತ್ತ ಆರು ಕೆಪಾಸಿಟರ್‌ಗಳನ್ನು ಸ್ಟೀಲ್ ಬಟ್ಟಲಲ್ಲಿ ಹಾಕಿ ಅಪ್ಪನ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಒಂದನ್ನು ಎತ್ತಿ, ಉಬ್ಬಿದ ನೆತ್ತಿಯ ಮೇಲೆ ಬೆರಳಾಡಿಸಿದರು. "ಇದು ಮುಂಚಿಂದಲೂ ಹೀಗೇ ಇತ್ತಾ?" ಅಂದರು. ಇಲ್ಲ, ಆಮೇಲೆ ಹೀಗಾಗಿದ್ದು, ಒಳಗಿನ ಮಾಲೇ ಸರಿ ಇರಲಿಲ್ಲ ಅಂದೆ. "ಹಾಗಾದ್ರೆ ನೀನು ಕೆಡಿಸಿದ್ದಲ್ಲ" ಅಂದರು. ಮರುದಿನ ಅದೊಂದನ್ನು ಜೇಬಿನಲ್ಲಿ ಹಾಕಿಕೊಂಡು ಆಫೀಸಿಗೆ ಹೋದರು. ಭಾನುವಾರ ಬೆಳಿಗ್ಗೆ ನೋಡಿದರೆ ಅವರ ಆಫೀಸಿನ ಇಬ್ಬರು ಸ್ಕೂಟರಿನ ಮುಂದೆ ತಮ್ಮ ತಮ್ಮ ಸಿಪಿಯು ನಿಲ್ಲಿಸಿಕೊಂಡು ನಮ್ಮ ಮನೆ ಗೇಟಿನ ಹತ್ತಿರ ಬಂದಿದ್ದರು.