ಫ್ಲೈವೀಲ್ ಹಲ್ಲು, ಗಾಡಿ ಚಕ್ರದ ಹಳಿ

ಇವತ್ತು ಉಮ್ಮತ್ತೂರಿಂದ ಮಾತಾಡ್ತಿದ್ದೀನಿ. ತಾತನ ಹಳೇ ಅಂಬಾಸಿಡರ್‌ಗೆ ಸೆಲ್ಫ್ ಹೊಡೆದ್ರೆ ಬರೀ ಕರ್‌ಕರ್ ಸದ್ದು. ಫ್ಲೈವೀಲ್ ಸುತ್ತ ಇರೋ ರಿಂಗಿನ ಹಲ್ಲು ಸವೆದಿದೆ.

ಮೊದಲು ಕಾರನ್ನ ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡ್ಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ರೆ ಕೈಯೇ ಮುರೀತಿತ್ತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಕ್ಯಾಡಿಲಾಕ್‌ನಲ್ಲಿ ಬಂತು. ಕೈ ಉಳೀತು, ಪೆಟ್ಟು ಫ್ಲೈವೀಲ್ ಹಲ್ಲಿಗೆ ಬಿತ್ತು.

ನಾಲ್ಕು ಸಿಲಿಂಡರ್ ಎಂಜಿನ್ ಆಫ್ ಆದಾಗ ಹೆಚ್ಚಾಗಿ ಎದುರುಬದುರಿನ ಎರಡೇ ಜಾಗದಲ್ಲಿ ನಿಲ್ಲುತ್ತೆ. ಸವೆಯೋದೂ ಅಲ್ಲೇ. ಅದಕ್ಕೇ ಹಳೇ ಮೆಕ್ಯಾನಿಕ್‌ಗಳು ಫ್ಲೈವೀಲ್ ಬಿಚ್ಚಿ, ರಿಂಗ್ ಕಾಯಿಸಿ ತೆಗೆದು, ಕಾಲು ಸುತ್ತು ತಿರುಗಿಸಿ ಮತ್ತೆ ಕೂರಿಸ್ತಾರೆ. ಆರಿದ್ಮೇಲೆ ಬಿಗಿಯಾಗುತ್ತೆ. ಕೆಂಪಗೆ ಕಾಯಿಸಿದ್ರೆ ಮಾತ್ರ ಹಲ್ಲು ಮೆತ್ತಗಾಗುತ್ತೆ.

ತಾತ ನಕ್ಕರು: "ಇದು ಗಾಡಿ ಚಕ್ರಕ್ಕೆ ಹಳಿ ಹಾಕೋ ಕೆಲಸ ಅಲ್ವಾ ಮಗಾ?" ಹೌದಲ್ಲ! ಕಮ್ಮಾರರು ಕಬ್ಬಿಣದ ಹಳಿ ಕಾಯಿಸಿ, ಮರದ ಚಕ್ರಕ್ಕೆ ತೊಡಿಸಿ, ನೀರು ಹುಯ್ತಿದ್ರು. ಅದೇ ವಿದ್ಯೆ.

ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ನಾನು ಓದಿದ ಬಿ.ಕಾಂ ಲೆಕ್ಕದಲ್ಲಿ ಈ ಕಾರಿನ ಬೆಲೆ ಎಂದೋ ಸೊನ್ನೆ. ಆದ್ರೆ ರಿಂಗ್ ತಿರುಗಿಸಿ ಕೂರಿಸೋ ಕೈ ಇರೋವರೆಗೂ ಇದು ಗುಜರಿಗೆ ಹೋಗಲ್ಲ. ನಿಮ್ಮೂರಲ್ಲಿ ಹಳಿ ಹಾಕೋದನ್ನ ನೋಡಿದವರಿದ್ರೆ, ಅವರ ಮಾತನ್ನ ಈಗಲೇ ರೆಕಾರ್ಡ್ ಮಾಡಿಟ್ಕೊಳ್ಳಿ.