ಕರಿ ಫೋನಿನಿಂದ ಎಣ್ಣೂರು ಬಂದರಿನವರೆಗೆ

ಚೆನ್ನೈನ ಉತ್ತರದ ಅಂಚಿನಲ್ಲಿ, ಕೊಸಸ್ತಲೈ ನದಿ ಸಮುದ್ರ ಸೇರುವ ಜಾಗದಲ್ಲಿ ಎಣ್ಣೂರು ಇದೆ. 2001ರಲ್ಲಿ ಶುರುವಾದ ಅಲ್ಲಿನ ಬಂದರನ್ನು ಮೊದಲಿಗೆ ಕಟ್ಟಿದ್ದು ವಿದ್ಯುತ್ ಸ್ಥಾವರಗಳ ಕಲ್ಲಿದ್ದಲಿಗಾಗಿ. ಈಗ ಕಂಟೇನರುಗಳೂ ಇಳಿಯುತ್ತವೆ. ಹೊರದೇಶದಿಂದ ಒಂದಷ್ಟು ಮೋಡೆಮ್‌ಗಳು ಅಲ್ಲಿ ಬಂದಿಳಿದವು ಅಂದುಕೊಳ್ಳಿ. ಅವು ನಮ್ಮ ಟೆಲಿಫೋನ್ ಜಾಲಕ್ಕೆ ಸೇರಬೇಕಾದರೆ ದೂರಸಂಪರ್ಕ ಇಲಾಖೆಯ ತಾಂತ್ರಿಕ ಕೇಂದ್ರವಾದ ಟಿಇಸಿಯ ಪ್ರಮಾಣಪತ್ರ ಬೇಕು. ಗೋಡೆಯ ಸಾಕೆಟ್ಟಿಗೆ ಒಂದು ತಂತಿ ಸಿಕ್ಕಿಸುವ ಕೆಲಸಕ್ಕೆ ಇಷ್ಟು ಕಾವಲು ಯಾಕೆ?

ಉತ್ತರ ಹುಡುಕಲು 1881ಕ್ಕೆ ಹೋಗಬೇಕು. ಆ ವರ್ಷ ಇಂಗ್ಲೆಂಡಿನ ಓರಿಯಂಟಲ್ ಟೆಲಿಫೋನ್ ಕಂಪನಿಗೆ ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಲ್ಲಿ ವಿನಿಮಯ ಕೇಂದ್ರ ತೆರೆಯಲು ಅನುಮತಿ ಸಿಕ್ಕಿತು. ನಾಲ್ಕು ವರ್ಷದ ನಂತರ ಬಂದ 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆ, ತನ್ನ 4ನೇ ಸೆಕ್ಷನ್ನಿನಲ್ಲಿ, ಟೆಲಿಗ್ರಾಫ್ ಸ್ಥಾಪಿಸಿ ನಡೆಸುವ ಹಕ್ಕನ್ನು ಸರ್ಕಾರಕ್ಕೇ ಮೀಸಲಿಟ್ಟಿತು. ‘ಟೆಲಿಗ್ರಾಫ್’ ಎಂಬ ಮಾತಿನೊಳಗೆ ಟೆಲಿಫೋನೂ ಸೇರಿತು, ಮುಂದೆ ಬಂದ ಮೋಡೆಮ್ಮೂ ಸೇರಿತು. ಬೇರೆಯವರು ಏನೇ ಮಾಡಬೇಕಿದ್ದರೂ ಲೈಸೆನ್ಸ್ ಬೇಕು. 1943ರಲ್ಲಿ ಈ ಮೂರು ನಗರಗಳ ಟೆಲಿಫೋನ್ ಕಂಪನಿಗಳನ್ನೂ ಸರ್ಕಾರ ವಹಿಸಿಕೊಂಡಿತು.

ಅಲ್ಲಿಂದ ಮುಂದೆ ದಶಕಗಳ ಕಾಲ ಮನೆಯ ಫೋನ್ ಮನೆಯವರದಾಗಿರಲಿಲ್ಲ. ಮೇಜಿನ ಮೇಲಿನ ಭಾರದ ಕರಿ ಯಂತ್ರ ಅಂಚೆ ಮತ್ತು ತಂತಿ ಇಲಾಖೆಯ ಆಸ್ತಿ. ನಾವು ಕೊಡುತ್ತಿದ್ದದ್ದು ಬಾಡಿಗೆ. ಆ ಯಂತ್ರ ತಯಾರಾಗುತ್ತಿದ್ದದ್ದು ಬೆಂಗಳೂರಿನ ದೂರವಾಣಿನಗರದಲ್ಲಿ, 1948ರಲ್ಲಿ ಹುಟ್ಟಿದ ಐಟಿಐ ಕಾರ್ಖಾನೆಯಲ್ಲಿ. ತಯಾರಿಸುವುದು ಸರ್ಕಾರ, ಜೋಡಿಸುವುದು ಸರ್ಕಾರ, ಕೆಟ್ಟರೆ ರಿಪೇರಿ ಮಾಡುವುದೂ ಸರ್ಕಾರ. ಬೇರೆ ಯಂತ್ರ ಜೋಡಿಸಬಹುದೇ ಎಂಬ ಪ್ರಶ್ನೆಗೆ ಜಾಗವೇ ಇರಲಿಲ್ಲ.

ಇಲಾಖೆಯ ಭಯದಲ್ಲಿ ಹುರುಳಿತ್ತು ಅನ್ನುವುದನ್ನೂ ಹೇಳಬೇಕು. ಟೆಲಿಫೋನ್ ತಂತಿಯಲ್ಲಿ ವಿನಿಮಯ ಕೇಂದ್ರದ ಬ್ಯಾಟರಿಯಿಂದ 48 ವೋಲ್ಟ್ ಇರುತ್ತದೆ, ಗಂಟೆ ಹೊಡೆಯುವಾಗ ಸುಮಾರು 75 ವೋಲ್ಟಿನ ಪರ್ಯಾಯ ವಿದ್ಯುತ್ತು ಬರುತ್ತದೆ. ಮನೆಯ 230 ವೋಲ್ಟಿಗೆ ಸಿಕ್ಕಿಸಿದ ಕಳಪೆ ಯಂತ್ರವೊಂದು ಆ ವಿದ್ಯುತ್ತನ್ನು ತಂತಿಗೆ ಹರಿಸಿದರೆ ಕಂಬ ಹತ್ತಿದ ಲೈನ್‌ಮನ್‌ನ ಜೀವಕ್ಕೇ ಕುತ್ತು. ಅತಿ ಜೋರಾದ ಸಂಕೇತ ಕಳಿಸುವ ಯಂತ್ರವಾದರೆ ಅದೇ ಕೇಬಲ್ಲಿನ ಪಕ್ಕದ ತಂತಿಯವರ ಮಾತು ಕೆಡುತ್ತದೆ. ಜಾಲ ಎಲ್ಲರದು. ಒಬ್ಬರ ಮನೆಯ ತಪ್ಪನ್ನು ಊರು ಅನುಭವಿಸಬೇಕಾಗುತ್ತದೆ.

ಇದೇ ವಾದವನ್ನು ಅಮೆರಿಕದಲ್ಲಿ ಎಟಿ ಅಂಡ್ ಟಿ ಕಂಪನಿ ಹೂಡಿತ್ತು. ಟೆಕ್ಸಸ್ಸಿನ ಟಾಮ್ ಕಾರ್ಟರ್ ತಯಾರಿಸಿದ ಕಾರ್ಟರ್‌ಫೋನ್ ಎಂಬ ಸಾಧನ ರೇಡಿಯೊ ಮಾತನ್ನು ಟೆಲಿಫೋನಿಗೆ ದಾಟಿಸುತ್ತಿತ್ತು, ಅದೂ ತಂತಿಯನ್ನು ಮುಟ್ಟದೆ, ರಿಸೀವರನ್ನು ಒಂದು ತೊಟ್ಟಿಲಲ್ಲಿ ಮಲಗಿಸಿ. ಕಂಪನಿ ಅದನ್ನೂ ತಡೆಯಿತು. 1968ರಲ್ಲಿ ಅಲ್ಲಿನ ಸಂಪರ್ಕ ಆಯೋಗ ಕಾರ್ಟರನ ಪರ ನಿಂತಿತು: ಜಾಲಕ್ಕೆ ಹಾನಿ ಮಾಡದ ಯಂತ್ರವನ್ನು ತಡೆಯುವಂತಿಲ್ಲ. ಹಾನಿ ಮಾಡುವುದಿಲ್ಲ ಎಂದು ತೋರಿಸುವುದು ಹೇಗೆ ಎಂಬುದಕ್ಕೆ 1975ರಲ್ಲಿ ‘ಭಾಗ 68’ ಎಂಬ ನಿಯಮಗಳು ಬಂದವು. ಯಾರು ತಯಾರಿಸಿದರು ಎಂದು ಕೇಳುವುದು ಹೋಗಿ, ಪರೀಕ್ಷೆಯಲ್ಲಿ ಪಾಸಾಯಿತೇ ಎಂದು ಕೇಳುವುದು ಬಂತು.

ನಮ್ಮಲ್ಲಿ ಆ ಬದಲಾವಣೆ ನಿಧಾನವಾಗಿ ಬಂತು. 1984ರಲ್ಲಿ ಫೋನಿನಂಥ ಗ್ರಾಹಕ ಉಪಕರಣಗಳನ್ನು ತಯಾರಿಸಲು ಖಾಸಗಿಯವರಿಗೆ ಅವಕಾಶ ಸಿಕ್ಕಿತು. ಬೀಟೆಲ್‌ನಂಥ ಗುಂಡಿ ಒತ್ತುವ ಫೋನುಗಳು ಮನೆಗೆ ಬಂದವು. ತಯಾರಕರು ಹಲವರಾದ ಮೇಲೆ ಅಳತೆಗೋಲು ಬೇಕಲ್ಲವೇ? 1991ರಲ್ಲಿ ಟಿಇಸಿ ಹುಟ್ಟಿತು. ಉಪಕರಣ ಹೇಗಿರಬೇಕೆಂದು ನಿರ್ದಿಷ್ಟಪಡಿಸುವುದು, ಜಾಲದ ಜತೆ ಸರಿಹೊಂದುತ್ತದೆಯೇ ಎಂದು ನೋಡಿ ಒಪ್ಪಿಗೆ ಕೊಡುವುದು ಅದರ ಕೆಲಸ.

ಆದರೆ ಹಳೆಯ ಕಾಯ್ದೆಯ ಗುಣ ಸುಲಭಕ್ಕೆ ಹೋಗಲಿಲ್ಲ. ಇಂಟರ್ನೆಟ್ ಬರುವ ಮೊದಲೇ ಬೆಂಗಳೂರಿನಲ್ಲಿ ಅತುಲ್ ಚಿಟ್ನಿಸ್ ಅವರ ಸಿಐಎಕ್ಸ್‌ನಂಥ ಬುಲೆಟಿನ್ ಬೋರ್ಡುಗಳು ನಡೆಯುತ್ತಿದ್ದವು. ಒಂದು ಕಂಪ್ಯೂಟರ್, ಒಂದು ಮೋಡೆಮ್, ಒಂದು ಫೋನ್ ಲೈನ್, ಇಷ್ಟೇ ಬಂಡವಾಳ. 1990ರ ದಶಕದಲ್ಲಿ ಇಂಥ ಸೇವೆಗಳಿಗೆ ದೂರಸಂಪರ್ಕ ಇಲಾಖೆ ವರ್ಷಕ್ಕೆ ಲಕ್ಷಗಟ್ಟಲೆ ರೂಪಾಯಿ ಲೈಸೆನ್ಸ್ ಶುಲ್ಕ ಕೇಳಿತು. ಹವ್ಯಾಸಿಗಳು ಎಲ್ಲಿಂದ ತರಬೇಕು? ಲೈನ್‌ಮನ್‌ನ ಸುರಕ್ಷತೆಗೂ ಈ ಶುಲ್ಕಕ್ಕೂ ಸಂಬಂಧವಿರಲಿಲ್ಲ.

2017ರ ಸೆಪ್ಟೆಂಬರಿನಲ್ಲಿ ಟೆಲಿಗ್ರಾಫ್ ನಿಯಮಗಳಿಗೆ ತಿದ್ದುಪಡಿಯಾಗಿ ಪರೀಕ್ಷೆ ಮತ್ತು ಪ್ರಮಾಣಪತ್ರ ಕಡ್ಡಾಯವಾದವು. ಮೊದಲ ಹಂತ ಜಾರಿಯಾದದ್ದು 2019ರ ಅಕ್ಟೋಬರ್ 1ರಂದು. ಆ ಮೊದಲ ಪಟ್ಟಿಯಲ್ಲಿದ್ದದ್ದು ಎರಡು ತಂತಿಯ ಸಾದಾ ಫೋನು, ಫ್ಯಾಕ್ಸ್, ಮೋಡೆಮ್, ಕಾರ್ಡ್‌ಲೆಸ್ ಫೋನು, ಕಚೇರಿಯ ಪಿಎಬಿಎಕ್ಸ್. ಜನ ಲ್ಯಾಂಡ್‌ಲೈನ್ ತೆಗೆಸಿಹಾಕುತ್ತಿದ್ದ ಕಾಲಕ್ಕೆ ಅದರ ನಿಯಮ ಪೂರ್ಣವಾಯಿತು!

ಈಚೆಗೆ ಭಯದ ರೂಪವೂ ಬದಲಾಗಿದೆ. ವಿದ್ಯುತ್ ಸುರಕ್ಷತೆಯ ಜತೆಗೆ ಈಗ ಉಪಕರಣದೊಳಗಿನ ತಂತ್ರಾಂಶದ ಮೇಲೂ ಕಣ್ಣು. ಆ ಭದ್ರತಾ ಪರೀಕ್ಷೆಯ ಹೊಣೆ ಹೊತ್ತ ಎನ್‌ಸಿಸಿಎಸ್ ಕೇಂದ್ರ ಇರುವುದು ಬೆಂಗಳೂರಿನಲ್ಲೇ. 2021ರ ಜೂನ್ 15ರಿಂದ ಟೆಲಿಕಾಂ ಕಂಪನಿಗಳು ತಮ್ಮ ಜಾಲಕ್ಕೆ ಹೊಸ ಉಪಕರಣ ಸೇರಿಸುವಾಗ ಅದು ನಂಬಿಕಸ್ಥ ಮೂಲದಿಂದಲೇ ಬಂದಿರಬೇಕು. ಯಾರು ತಯಾರಿಸಿದರು ಎಂಬ ಹಳೆಯ ಪ್ರಶ್ನೆ ಹೀಗೆ ಇನ್ನೊಂದು ಬಾಗಿಲಿನಿಂದ ವಾಪಸು ಬಂದಿದೆ.

1885ರ ಕಾಯ್ದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಕಾವಲು ಇರಲಿ, ಇರಬೇಕು ಕೂಡ. ಆದರೆ ಪ್ರತಿ ಹೊಸ ನಿಯಮ ಬಂದಾಗಲೂ ನಾವು ಕೇಳಬೇಕಾದ್ದೊಂದಿದೆ: ಇದು ಕಂಬದ ಮೇಲಿನ ಲೈನ್‌ಮನ್‌ನನ್ನು ಕಾಯುತ್ತಿದೆಯೋ, ಕಂಬದ ಒಡೆಯನನ್ನೋ?